ಆಡುಸೋಗೆ ಪಾಕ

ಆಡುಸೋಗೆ ಪಾಕವು ಆಡುಸೋಗೆ ಗಿಡದ ಎಲೆಗಳ ಕಷಾಯಕ್ಕೆ ಸಕ್ಕರೆ ಇಲ್ಲವೆ ಬೆಲ್ಲ, ಶುಂಠಿ, ಕಾಳುಮೆಣಸು ಮತ್ತು ಜೇನುತುಪ್ಪ ಸೇರಿಸಿ ತಯಾರಿಸುವ ಮನೆಮದ್ದು. ಇದನ್ನು ಆಡುಸೋಗೆ ಸಿರಪ್ ಎಂದೂ ಕರೆಯಲಾಗುತ್ತದೆ. ಮಳೆಗಾಲ ಮತ್ತು ಚಳಿಗಾಲಗಳಲ್ಲಿ ಕಾಣಿಸಿಕೊಳ್ಳುವ ನೆಗಡಿ, ಕೆಮ್ಮು ಹಾಗೂ ಗಂಟಲುಕೆರೆತಗಳಿಗೆ ದಕ್ಷಿಣ ಭಾರತದ ಅನೇಕ ಕಡೆಗಳಲ್ಲಿ ಆಡುಸೋಗೆಯ ರಸ, ಕಷಾಯ ಮತ್ತು ಪಾಕಗಳು ಬಳಕೆಯಲ್ಲಿವೆ. ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಎಲ್ಡರ್‌ಬೆರಿ ಹಣ್ಣಿನ ಪಾಕಕ್ಕೆ ಇರುವ ಸ್ಥಾನವೇ ಇಲ್ಲಿ ಆಡುಸೋಗೆ ಪಾಕಕ್ಕೆ ಇದೆ. ಈ ಪಾಕವು ಕೆಮ್ಮಿನ ತೊಂದರೆಯನ್ನು ತಗ್ಗಿಸಲು ನೆರವಾಗುತ್ತದೆಯೇ ಹೊರತು ನೆಗಡಿಯನ್ನಾಗಲಿ ಫ್ಲೂ ಜ್ವರವನ್ನಾಗಲಿ ಗುಣಪಡಿಸುವುದಿಲ್ಲ. ಗರ್ಭಿಣಿಯರಿಗೆ ಮತ್ತು ಒಂದು ವರ್ಷದೊಳಗಿನ ಶಿಶುಗಳಿಗೆ ಇದನ್ನು ಕೊಡಬಾರದು.

ಹೆಸರು

ಆಡುಸೋಗೆಯ ಸಸ್ಯಶಾಸ್ತ್ರೀಯ ಹೆಸರು ಜಸ್ಟೀಸಿಯ ಅಡಟೋಡ. ಕಾರ್ಲ್ ಲಿನೇಯಸ್ 1753ರಲ್ಲಿ ಈ ಹೆಸರನ್ನು ಪ್ರಕಟಿಸಿದನು. ಅಡಟೋಡ ವಾಸಿಕ ಮತ್ತು ಅಡಟೋಡ ಝೈಲಾನಿಕ ಎಂಬ ಹೆಸರುಗಳು ಹಳೆಯ ಗ್ರಂಥಗಳಲ್ಲಿಯೂ ಔಷಧಗಳ ಚೀಟಿಗಳ ಮೇಲೂ ಈಗಲೂ ಕಂಡುಬರುತ್ತವೆ. ಅಡಟೋಡ ಎಂಬುದು ತಮಿಳಿನ ‘ಆಡಾತೊಡೈ’ ಎಂಬ ಹೆಸರಿನಿಂದ ಬಂದಿದೆ. ಆಡು ಮುಟ್ಟದ ಗಿಡ ಎಂಬುದು ಅದಕ್ಕೆ ರೂಢಿಯಲ್ಲಿರುವ ಅರ್ಥ. ಎಲೆಯು ಬಹಳ ಕಹಿಯಾಗಿರುವುದರಿಂದ ಜಾನುವಾರುಗಳು ಇದನ್ನು ಮೇಯುವುದಿಲ್ಲ. ಸಂಸ್ಕೃತದಲ್ಲಿ ವಾಸಾ, ವಾಸಕ, ವೃಷ, ಆಟರೂಷ ಹಾಗೂ ಸಿಂಹಾಸ್ಯ ಎಂಬ ಹೆಸರುಗಳಿವೆ. ಬಾಯ್ತೆರೆದ ಸಿಂಹದ ಮುಖವನ್ನು ಹೋಲುವ ಹೂವಿನಿಂದಾಗಿ ಸಿಂಹಾಸ್ಯ ಎಂಬ ಹೆಸರು ಬಂದಿದೆ. ಹಿಂದಿಯಲ್ಲಿ ಅಡೂಸಾ, ಮರಾಠಿಯಲ್ಲಿ ಅಡುಳಸಾ, ಮಲಯಾಳದಲ್ಲಿ ಆಡಲೋಡಗಂ ಎನ್ನುತ್ತಾರೆ.

ಕನ್ನಡದಲ್ಲಿ ‘ಆಡುಮುಟ್ಟದ ಬಳ್ಳಿ’ ಎಂಬ ಹೆಸರಿನ ಬೇರೊಂದು ಸಸ್ಯವೂ ಇದೆ. ಅದು ಹಾಲು ಸೋರುವ ಬಳ್ಳಿಯಾಗಿದ್ದು, ಹೆಚ್ಚು ಸೇವಿಸಿದರೆ ವಾಂತಿ ಉಂಟುಮಾಡುತ್ತದೆ. ಹೆಸರುಗಳ ಹೋಲಿಕೆಯಿಂದ ಇವೆರಡನ್ನೂ ಒಂದೇ ಎಂದು ಭಾವಿಸಬಾರದು.

ಸಸ್ಯದ ಗುರುತು

ಆಡುಸೋಗೆಯು ಅಕ್ಯಾಂಥೇಸೀ ಕುಟುಂಬಕ್ಕೆ ಸೇರಿದ ನಿತ್ಯಹಸಿರು ಪೊದೆ. ಸಾಮಾನ್ಯವಾಗಿ 1ರಿಂದ 2.5 ಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಎಲೆಗಳು ಕಾಂಡದ ಮೇಲೆ ಎದುರುಬದುರಾಗಿ ಜೋಡಣೆಗೊಂಡಿರುತ್ತವೆ. ಅವು ಉದ್ದವಾಗಿದ್ದು ಎರಡೂ ತುದಿಗಳಲ್ಲಿ ಚೂಪಾಗುತ್ತವೆ ಮತ್ತು ಅಂಚು ನಯವಾಗಿರುತ್ತದೆ. ಉಜ್ಜಿದಾಗ ಹಸಿರುಕಟುವಾಸನೆ ಬರುತ್ತದೆ. ಹೂವು ಬಿಳುಪು, ಅದರ ಕೆಳತುಟಿಯ ಮೇಲೆ ನೇರಳೆ ಇಲ್ಲವೆ ನಸುಗೆಂಪು ಗೆರೆಗಳಿರುತ್ತವೆ.

ಗಿಡವನ್ನು ಗುರುತಿಸಲು ಒಂದು ಸರಳ ಪರೀಕ್ಷೆ ಇದೆ. ಆಡುಸೋಗೆಯ ಎಲೆಯನ್ನಾಗಲಿ ಎಳೆಯ ಕೊಂಬೆಯನ್ನಾಗಲಿ ಮುರಿದರೆ ಬಿಳಿಯ ಹಾಲು ಒಸರುವುದಿಲ್ಲ. ಬೇಲಿಗಳಲ್ಲಿ ಬೆಳೆಸುವ ಹಳದಿ ಕಣಗಿಲೆಯಲ್ಲಿ ಹಾಲು ಒಸರುತ್ತದೆ ಮತ್ತು ಅದು ಹೃದಯದ ಮೇಲೆ ಪರಿಣಾಮ ಬೀರುವ ವಿಷಸಸ್ಯ. ಆದ್ದರಿಂದ ಹಾಲು ಕಂಡ ಎಲೆಯನ್ನು ಪಾಕಕ್ಕೆ ಬಳಸುವಂತಿಲ್ಲ. ಹಾಲಿಲ್ಲ ಎಂಬುದೊಂದೇ ಆಡುಸೋಗೆಯ ಗುರುತೂ ಅಲ್ಲ. ಹೂವು, ಎಲೆಗಳ ಜೋಡಣೆ ಮತ್ತು ಕಹಿ ಮೂರನ್ನೂ ಗಿಡವನ್ನು ಬಲ್ಲವರಿಂದ ಖಚಿತಪಡಿಸಿಕೊಂಡ ಮೇಲೆಯೇ ಎಲೆ ಕೀಳಬೇಕು.

ದನಕರು ಮುಟ್ಟದ ಕಾರಣ ಆಡುಸೋಗೆಯನ್ನು ಹೊಲದ ಬೇಲಿಯಲ್ಲಿ ಬೆಳೆಸುವುದುಂಟು. ಎಲೆಗಳನ್ನು ಹಸಿರೆಲೆ ಗೊಬ್ಬರವಾಗಿಯೂ ಬಳಸುತ್ತಾರೆ. ಕೊಂಬೆಯ ತುಂಡನ್ನು ಮಳೆಗಾಲದ ಆರಂಭದಲ್ಲಿ ನೆಟ್ಟರೆ ಸುಲಭವಾಗಿ ಚಿಗುರುತ್ತದೆ.

ಇತಿಹಾಸ

ಆಯುರ್ವೇದದ ಸಂಹಿತೆಗಳಲ್ಲಿ ವಾಸಾ ಸಸ್ಯವನ್ನು ಕಾಸ, ಶ್ವಾಸ ಮತ್ತು ರಕ್ತಪಿತ್ತಗಳ ಚಿಕಿತ್ಸೆಯಲ್ಲಿ ಹೇಳಲಾಗಿದೆ. ಕಾಸವೆಂದರೆ ಕೆಮ್ಮು, ಶ್ವಾಸವೆಂದರೆ ಉಬ್ಬಸ. ಮೂಗು, ಬಾಯಿ ಮೊದಲಾದ ಕಡೆಗಳಿಂದ ರಕ್ತ ಹೋಗುವ ರೋಗಗಳನ್ನು ರಕ್ತಪಿತ್ತವೆನ್ನುತ್ತಾರೆ. ವಾಸಾವಲೇಹ ಮತ್ತು ವಾಸಾರಿಷ್ಟ ಇಂದಿಗೂ ಆಯುರ್ವೇದ ಅಂಗಡಿಗಳಲ್ಲಿ ದೊರೆಯುವ ಸಿದ್ಧೌಷಧಗಳು. ಅವಲೇಹವು ನೆಕ್ಕಿ ತಿನ್ನುವಷ್ಟು ಗಟ್ಟಿಯಾಗಿರುತ್ತದೆ. ಅರಿಷ್ಟವನ್ನು ಹುದುಗಿಸಿ ಮಾಡುತ್ತಾರೆ. ಯುನಾನಿ ಪದ್ಧತಿಯಲ್ಲಿಯೂ ಅಡೂಸಾದ ಶರಬತ್ತು ಇದೆ. ಮನೆಗಳಲ್ಲಿ ತಯಾರಾಗುವ ಪಾಕವು ಶರಬತ್ತಿಗೆ ಹತ್ತಿರವಾದುದು.

ಆಧುನಿಕ ರಸಾಯನಶಾಸ್ತ್ರದ ಗಮನ ಈ ಗಿಡದ ಮೇಲೆ 19ನೆಯ ಶತಮಾನದಲ್ಲಿ ಹರಿಯಿತು. ಮದರಾಸು ಸರ್ಕಾರದ ಸಿಂಕೋನಾ ರಸಾಯನತಜ್ಞನಾಗಿ ಉದಕಮಂಡಲದಲ್ಲಿದ್ದ ಡೇವಿಡ್ ಹೂಪರ್ 1888ರಲ್ಲಿ ಎಲೆಯಿಂದ ಒಂದು ಆಲ್ಕಲಾಯ್ಡನ್ನು ಬೇರ್ಪಡಿಸಿ ಅದಕ್ಕೆ ವಾಸಿಸಿನ್ ಎಂದು ಹೆಸರಿಟ್ಟನು. ವಾಸಿಸಿನ್‌ನ ರಚನೆಯನ್ನು ಆಧಾರವಾಗಿಟ್ಟುಕೊಂಡು ಬ್ರೋಮ್‌ಹೆಕ್ಸಿನ್ ಎಂಬ ಕೃತಕ ಔಷಧವನ್ನು ರೂಪಿಸಲಾಯಿತು. 1960ರ ದಶಕದಲ್ಲಿ ಬಳಕೆಗೆ ಬಂದ ಈ ಔಷಧವು ಕಫವನ್ನು ತೆಳುವಾಗಿಸುತ್ತದೆ. ದೇಹದಲ್ಲಿ ಬ್ರೋಮ್‌ಹೆಕ್ಸಿನ್ ಮಾರ್ಪಟ್ಟು ಉಂಟಾಗುವ ಆಂಬ್ರಾಕ್ಸಾಲ್ ಕೂಡ ಪ್ರತ್ಯೇಕ ಔಷಧವಾಗಿ ಪ್ರಚಾರಕ್ಕೆ ಬಂದಿತು. ಇಂದು ಔಷಧದ ಅಂಗಡಿಗಳಲ್ಲಿ ಸಿಗುವ ಹಲವು ಕೆಮ್ಮಿನ ಸಿರಪ್‌ಗಳ ಮೂಲವನ್ನು ಹೀಗೆ ಬೇಲಿಯ ಗಿಡದವರೆಗೆ ಗುರುತಿಸಬಹುದು.

ಹುಣಸೂರು ಸೀಮೆಯ ಹಿನ್ನೆಲೆ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಪ್ರದೇಶವು ಮಲೆನಾಡಿಗೂ ಮೈದಾನಕ್ಕೂ ನಡುವೆ ಇದೆ. ಪಾಕಕ್ಕೆ ಬೇಕಾದ ಹೆಚ್ಚಿನ ಸಾಮಗ್ರಿ ಇಲ್ಲಿಯೇ ಇಲ್ಲವೆ ಸಮೀಪದಲ್ಲಿಯೇ ಸಿಗುತ್ತದೆ. ಹುಣಸೂರು ಮತ್ತು ಹೆಗ್ಗಡದೇವನಕೋಟೆಗಳಲ್ಲಿ ಶುಂಠಿ ವಾಣಿಜ್ಯ ಬೆಳೆ. ಕಾಳುಮೆಣಸು ನೆರೆಯ ಕೊಡಗಿನಿಂದ, ಬೆಲ್ಲ ಮಂಡ್ಯದ ಕಡೆಯಿಂದ ಬರುತ್ತದೆ. ನಾಗರಹೊಳೆಯ ಅಂಚಿನ ಹಾಡಿಗಳಲ್ಲಿ ನೆಲೆಸಿರುವ ಜೇನುಕುರುಬರು ಜೇನು ಇಳಿಸುವುದರಲ್ಲಿ ನುರಿತವರು. ಅವರು ಸಂಗ್ರಹಿಸಿದ ಜೇನು ಮುಂತಾದ ಕಿರು ಅರಣ್ಯ ಉತ್ಪನ್ನಗಳ ಮಾರಾಟಕ್ಕಾಗಿ ಲ್ಯಾಂಪ್ಸ್ ಎಂದು ಕರೆಯಲಾಗುವ ಬುಡಕಟ್ಟು ಸಹಕಾರ ಸಂಘಗಳು ಹುಣಸೂರು ಮತ್ತು ಹೆಗ್ಗಡದೇವನಕೋಟೆಗಳಲ್ಲಿವೆ.

ಇದೇ ಸೀಮೆಯು ಕರ್ನಾಟಕದಲ್ಲಿ ವರ್ಜೀನಿಯ ಹೊಗೆಸೊಪ್ಪಿನ ಮುಖ್ಯ ನೆಲೆಯೂ ಹೌದು. ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಹೊಗೆಸೊಪ್ಪನ್ನು ಮುಂಗಾರಿನ ಆರಂಭದಲ್ಲಿ ನಾಟಿ ಮಾಡಿ, ಮಳೆಗಾಲದಲ್ಲಿಯೇ ಎಲೆ ಮುರಿದು, ಬ್ಯಾರನ್ ಎಂದು ಕರೆಯಲಾಗುವ ಮನೆಗಳಲ್ಲಿ ಸೌದೆಯ ಬೆಂಕಿಯ ಬಿಸಿಯಿಂದ ಹದಗೊಳಿಸುತ್ತಾರೆ. ಹೀಗೆ ನೆಗಡಿ ಕೆಮ್ಮುಗಳು ಹರಡುವ ಮಳೆಯ ತಿಂಗಳುಗಳಲ್ಲಿಯೇ ಬೆಂಕಿಯ ಹೊಗೆ, ಒಣ ಎಲೆಯ ದೂಳು ಮತ್ತು ರಾತ್ರಿ ನಿದ್ದೆಗೆಟ್ಟು ಬ್ಯಾರನ್ ಕಾಯುವ ಕೆಲಸ ಒಟ್ಟಿಗೆ ಬರುತ್ತವೆ. ಹೊಗೆ ಮತ್ತು ದೂಳಿನಿಂದ ಬರುವ ಕೆಮ್ಮು ಸೋಂಕಿನ ಕೆಮ್ಮಿಗಿಂತ ಭಿನ್ನ. ಅದಕ್ಕೆ ಪಾಕ ಕುಡಿಯುವುದಕ್ಕಿಂತ ಬಾಯಿ ಮೂಗುಗಳಿಗೆ ಬಟ್ಟೆ ಇಲ್ಲವೆ ಮುಖಗವಸು ಕಟ್ಟಿಕೊಳ್ಳುವುದು, ಒಲೆಯ ಬಾಯಿಂದ ದೂರವಿರುವುದು, ಎಲೆ ವಿಂಗಡಿಸುವ ಕೋಣೆಯಲ್ಲಿ ಗಾಳಿಯಾಡುವಂತೆ ನೋಡಿಕೊಳ್ಳುವುದು ಮುಖ್ಯ. ಕೆಲಸ ನಿಂತ ಮೇಲೂ ಕೆಮ್ಮು ನಿಲ್ಲದಿದ್ದರೆ ಪರೀಕ್ಷೆ ಅಗತ್ಯ.

ಸಾಮಗ್ರಿಗಳು

ಸುಮಾರು 600 ಮಿಲಿಲೀಟರ್ ಪಾಕಕ್ಕೆ ಬೇಕಾಗುವ ಸಾಮಗ್ರಿಗಳು ಹೀಗಿವೆ:

• ಆಡುಸೋಗೆಯ ಬಲಿತ, ರೋಗವಿಲ್ಲದ ಹಸಿ ಎಲೆ: 100 ಗ್ರಾಂ
• ನೀರು: 1 ಲೀಟರ್
• ಸಕ್ಕರೆ ಇಲ್ಲವೆ ಕಲ್ಲುಸಕ್ಕರೆ: 500 ಗ್ರಾಂ
• ಜಜ್ಜಿದ ಹಸಿಶುಂಠಿ: 20 ಗ್ರಾಂ
• ಕುಟ್ಟಿದ ಕಾಳುಮೆಣಸು: 1 ಚಹಾ ಚಮಚ
• ನಿಂಬೆರಸ: 1 ಚಹಾ ಚಮಚ
• ಜೇನುತುಪ್ಪ: 4 ಊಟದ ಚಮಚ

ಕೆಲವರು ತುಳಸಿ, ದೊಡ್ಡಪತ್ರೆ ಇಲ್ಲವೆ ಹಿಪ್ಪಲಿಯನ್ನು ಸೇರಿಸುತ್ತಾರೆ. ಜ್ಯೇಷ್ಠಮಧು ಸೇರಿಸುವುದೂ ಉಂಟು. ಆದರೆ ಅದು ರಕ್ತದೊತ್ತಡವನ್ನು ಹೆಚ್ಚಿಸಬಲ್ಲದಾದ್ದರಿಂದ ರಕ್ತದೊತ್ತಡವಿರುವವರ ಪಾಕಕ್ಕೆ ಅದನ್ನು ಹಾಕಬಾರದು.

ಎಲೆಯನ್ನು ಎಲ್ಲಿಂದ ತರಲಾಗುತ್ತದೆ ಎಂಬುದು ಎಷ್ಟು ತರಲಾಗುತ್ತದೆ ಎಂಬುದಕ್ಕಿಂತ ಮುಖ್ಯ. ಹೊಗೆಸೊಪ್ಪು ಮತ್ತು ಶುಂಠಿಯ ಬೆಳೆಗಳಿಗೆ ಕೀಟನಾಶಕ, ಶಿಲೀಂಧ್ರನಾಶಕಗಳನ್ನು ಸಿಂಪಡಿಸಲಾಗುತ್ತದೆ. ಅಂತಹ ಹೊಲದ ಬೇಲಿಯಲ್ಲಿರುವ ಗಿಡದ ಮೇಲೂ ಅದು ಬೀಳುತ್ತದೆ. ಎಲೆಯನ್ನು ತೊಳೆದ ಮಾತ್ರಕ್ಕೆ ಇವೆಲ್ಲ ಹೋಗುವುದಿಲ್ಲ. ಕುದಿಸಿದರೂ ಎಲ್ಲವೂ ನಾಶವಾಗುವುದಿಲ್ಲ. ಹೆದ್ದಾರಿಯ ಬದಿಯ ಎಲೆಯೂ ಯೋಗ್ಯವಲ್ಲ. ಮನೆಯ ಹಿತ್ತಲಿನಲ್ಲಿ ಇಲ್ಲವೆ ಕುಂಡದಲ್ಲಿ ಒಂದು ಗಿಡ ಬೆಳೆಸಿಕೊಳ್ಳುವುದು ಸುರಕ್ಷಿತ.

ಜೇನಿನಲ್ಲಿ ನೀರಿನಂಶ ಹೆಚ್ಚಿದ್ದರೆ ಅದು ಹುಳಿಯುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ ಜೇನಿನಲ್ಲಿ ನೀರಿನಂಶ ಶೇಕಡ 20ನ್ನು ಮೀರಬಾರದು. ನೊರೆ ಕಟ್ಟಿದ, ಹುಳಿವಾಸನೆ ಬಂದ ಜೇನನ್ನು ಪಾಕಕ್ಕೆ ಸೇರಿಸಿದರೆ ಇಡೀ ಪಾಕ ಬೇಗ ಕೆಡುತ್ತದೆ.

ತಯಾರಿಸುವ ವಿಧಾನ

ಎಲೆಗಳನ್ನು ಒಂದೊಂದಾಗಿ ನೋಡಿ, ಹರಿಯುವ ನೀರಿನಲ್ಲಿ ಎರಡು ಮೂರು ಸಲ ತೊಳೆದು, ನಡುವಿನ ದಪ್ಪ ನಾರನ್ನು ತೆಗೆದು ಸಣ್ಣಗೆ ಹೆಚ್ಚಬೇಕು. ಸ್ಟೀಲ್ ಪಾತ್ರೆಯಲ್ಲಿ ಎಲೆ, ಶುಂಠಿ, ಮೆಣಸು ಮತ್ತು ನೀರು ಹಾಕಿ ಸಣ್ಣ ಉರಿಯಲ್ಲಿ ಮುಚ್ಚಳವಿಲ್ಲದೆ ಕುದಿಸಬೇಕು. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಗಳು ನಿಂಬೆರಸದೊಂದಿಗೆ ವರ್ತಿಸುವುದರಿಂದ ಅವು ಬೇಡ. ಒಂದು ಲೀಟರ್ ನೀರು ಕಾಲು ಲೀಟರಿಗೆ ಇಳಿದಾಗ ಒಲೆ ಆರಿಸಬೇಕು. ನಾಲ್ಕನೆಯ ಒಂದು ಭಾಗಕ್ಕೆ ಇಳಿಸುವ ಈ ಕ್ರಮ ಆಯುರ್ವೇದದ ಕಷಾಯಗಳಲ್ಲಿ ಸಾಮಾನ್ಯ. ಮೊದಲೇ ಕಾಲು ಲೀಟರ್ ನೀರು ಅಳೆದು ಪಾತ್ರೆಗೆ ಹಾಕಿ, ಅದರ ಮಟ್ಟವನ್ನು ಒಂದು ಕಡ್ಡಿಯ ಮೇಲೆ ಗುರುತು ಮಾಡಿಕೊಂಡರೆ ಅಂದಾಜು ತಪ್ಪುವುದಿಲ್ಲ.

ಕಷಾಯವನ್ನು ಶುಭ್ರವಾದ ತೆಳು ಬಟ್ಟೆಯಲ್ಲಿ ಸೋಸಿ ಹಿಂಡಬೇಕು. ಸೋಸಿದ ಕಷಾಯ ಕಾಲು ಲೀಟರಿಗಿಂತ ಕಡಿಮೆಯಾಗಿದ್ದರೆ ಕುದಿಸಿದ ನೀರು ಸೇರಿಸಿ ಅಳತೆ ಸರಿಪಡಿಸಬಹುದು. ಇದನ್ನು ಮತ್ತೆ ಒಲೆಯ ಮೇಲಿಟ್ಟು ಸಕ್ಕರೆ ಹಾಕಿ ಕರಗುವವರೆಗೆ ಕಲಕಬೇಕು. ನಿಂಬೆರಸ ಹಾಕಿ ಎರಡು ಮೂರು ನಿಮಿಷ ಕುದಿಸಿದರೆ ಸಾಕು. ಮೇಲೆ ಬರುವ ನೊರೆಯನ್ನು ತೆಗೆದುಹಾಕಬೇಕು. ಪಾಕ ಉಗುರುಬೆಚ್ಚಗಾದ ಮೇಲೆ ಜೇನು ಬೆರೆಸಿ ಸೀಸೆಗೆ ತುಂಬಬೇಕು. ಜೇನನ್ನು ಕಾಯಿಸಬಾರದೆಂಬುದು ಆಯುರ್ವೇದದ ನಿಯಮ. ಬಿಸಿಯಿಂದ ಜೇನಿನ ಪರಿಮಳವೂ ಕುಗ್ಗುತ್ತದೆ.

ಸೀಸೆ ಗಾಜಿನದಾಗಿರಬೇಕು. ಸೀಸೆಯನ್ನೂ ಮುಚ್ಚಳವನ್ನೂ ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಮಗುಚಿಟ್ಟು, ಸಂಪೂರ್ಣವಾಗಿ ಒಣಗಿಸಬೇಕು. ಸೀಸೆಯೊಳಗೆ ಉಳಿದ ನಾಲ್ಕು ಹನಿ ನೀರು ಪಾಕದ ಮೇಲ್ಪದರವನ್ನು ತೆಳುವಾಗಿಸಿ ಬೂಸು ಹಿಡಿಯಲು ದಾರಿ ಮಾಡುತ್ತದೆ.

ಪಾಕದ ಹದ ಮತ್ತು ಬಾಳಿಕೆ

ಸಕ್ಕರೆಯು ಪಾಕಕ್ಕೆ ಕೇವಲ ಸಿಹಿಯಲ್ಲ. ಅದೇ ಅದರ ಸಂರಕ್ಷಕ. ಸಾಂದ್ರವಾದ ಸಕ್ಕರೆಯ ದ್ರಾವಣದಲ್ಲಿ ಸೂಕ್ಷ್ಮಜೀವಿಗಳಿಗೆ ಬೇಕಾದ ನೀರು ದೊರೆಯುವುದಿಲ್ಲ. ಭಾರತೀಯ ಔಷಧಕೋಶದ ಸಾದಾ ಸಿರಪ್‌ನಲ್ಲಿ ತೂಕದ ಲೆಕ್ಕದಲ್ಲಿ ಶೇಕಡ 66.7ರಷ್ಟು ಸಕ್ಕರೆ ಇರುತ್ತದೆ. ಕಾಲು ಲೀಟರ್ ಕಷಾಯಕ್ಕೆ ಅರ್ಧ ಕಿಲೋ ಸಕ್ಕರೆ ಹಾಕಿದಾಗ ಸರಿಸುಮಾರು ಇದೇ ಪ್ರಮಾಣ ಬರುತ್ತದೆ. ಮೇಲಿನ ಅಳತೆಯ ಹಿಂದಿರುವ ಲೆಕ್ಕ ಇದು.

ಸಾಮಾನ್ಯ ಉಷ್ಣತೆಯಲ್ಲಿ ನೀರು ಕರಗಿಸಿಕೊಳ್ಳಬಲ್ಲ ಸಕ್ಕರೆಯ ಮಿತಿಯೂ ಹೆಚ್ಚುಕಡಿಮೆ ಇಷ್ಟೇ. ಆದ್ದರಿಂದ ಮಿಠಾಯಿಗೆ ಮಾಡುವಂತೆ ಒಂದೆಳೆ ಪಾಕ ಬರುವವರೆಗೆ ಕುದಿಸಿದರೆ ಆರಿದ ಮೇಲೆ ಸೀಸೆಯ ತಳದಲ್ಲಿ ಹರಳುಗಟ್ಟುತ್ತದೆ. ಹರಳು ಕೂಡಿದ ಪಾಕದ ಮೇಲ್ಭಾಗ ತೆಳುವಾಗಿ ಕೆಡಲು ಆರಂಭಿಸುತ್ತದೆ. ಜಾಮೂನಿನ ಪಾಕದಂತೆ ಬೆರಳಿಗೆ ಅಂಟುವ ಹದ ಸಾಕು. ನಿಂಬೆಯ ಹುಳಿಯು ಸಕ್ಕರೆಯ ಒಂದು ಭಾಗವನ್ನು ಒಡೆದು ಹರಳುಗಟ್ಟುವಿಕೆಯನ್ನು ತಡೆಯುತ್ತದೆ.

ಬೆಲ್ಲದ ಪಾಕಕ್ಕೆ ರುಚಿ ಹೆಚ್ಚು, ಬಾಳಿಕೆ ಕಡಿಮೆ. ಬೆಲ್ಲದಲ್ಲಿ ತೇವವೂ ಇತರ ಅಂಶಗಳೂ ಇರುವುದರಿಂದ ಅದು ಬೇಗ ಹುದುಗುತ್ತದೆ. ಸಿಹಿ ಕಡಿಮೆ ಮಾಡಲು ಸಕ್ಕರೆಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದ ಪಾಕವೂ ಹೆಚ್ಚು ಕಾಲ ಉಳಿಯದು. ಇವೆರಡನ್ನೂ ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಬೇಕು. ಪೂರ್ಣ ಸಕ್ಕರೆಯ ಪಾಕವನ್ನೂ ಫ್ರಿಜ್ಜಿನಲ್ಲಿಡುವುದು, ಸೀಸೆಯ ಮೇಲೆ ತಯಾರಿಸಿದ ದಿನಾಂಕ ಬರೆಯುವುದು ಮತ್ತು ಒಂದು ತಿಂಗಳಾದ ಮೇಲೆ ಹೊಸದನ್ನು ಮಾಡಿಕೊಳ್ಳುವುದು ಒಳ್ಳೆಯ ಪದ್ಧತಿ. ಗುಳ್ಳೆ, ನೊರೆ, ಹುಳಿವಾಸನೆ, ಬೂಸು ಇವುಗಳಲ್ಲಿ ಯಾವುದು ಕಂಡರೂ ಪಾಕವನ್ನು ಚೆಲ್ಲಬೇಕು. ಬೂಸನ್ನು ಮಾತ್ರ ತೆಗೆದು ಉಳಿದುದನ್ನು ಕಾಯಿಸಿ ಬಳಸುವುದು ಸರಿಯಲ್ಲ.

ಸೇವನೆ

ವಯಸ್ಕರು ಸಾಮಾನ್ಯವಾಗಿ 1ರಿಂದ 2 ಚಹಾ ಚಮಚದಷ್ಟು, ಅಂದರೆ 5ರಿಂದ 10 ಮಿಲಿಲೀಟರ್ ಪಾಕವನ್ನು ದಿನಕ್ಕೆ ಮೂರು ಸಲ, ಬಿಸಿನೀರಿನೊಂದಿಗೆ ಇಲ್ಲವೆ ಹಾಗೆಯೇ ಸೇವಿಸುತ್ತಾರೆ. ಮೇಲಿನ ಅಳತೆಯಂತೆ ಮಾಡಿದ ಪಾಕದ ಒಂದು ಚಮಚದಲ್ಲಿ ಒಂದು ಗ್ರಾಂಗಿಂತ ಕಡಿಮೆ ಹಸಿ ಎಲೆಯ ಸಾರ ಇರುತ್ತದೆ. ಹೀಗಾಗಿ ಇದು ಸೌಮ್ಯ ತಯಾರಿಕೆ. ಕಡಿಮೆಯಾಗಲಿಲ್ಲವೆಂದು ಪ್ರಮಾಣವನ್ನು ಹೆಚ್ಚಿಸುತ್ತಾ ಹೋಗಬಾರದು. ಆಡುಸೋಗೆಯ ರಸ ಹೆಚ್ಚಾದರೆ ವಾಂತಿ, ಭೇದಿ ಉಂಟಾಗಬಹುದು. ನಾಲ್ಕೈದು ದಿನಗಳಲ್ಲಿ ಕೆಮ್ಮು ಇಳಿಮುಖವಾಗದಿದ್ದರೆ ವೈದ್ಯರ ಸಲಹೆ ಪಡೆಯಬೇಕು. ಮಕ್ಕಳಿಗೆ ವೈದ್ಯರನ್ನು ಕೇಳದೆ ಕೊಡಬಾರದು.

10 ಮಿಲಿಲೀಟರ್ ಪೂರ್ಣ ಪಾಕದಲ್ಲಿ ಸುಮಾರು 9 ಗ್ರಾಂ ಸಕ್ಕರೆ ಇರುತ್ತದೆ. ದಿನಕ್ಕೆ ಮೂರು ಸಲವೆಂದರೆ ಸುಮಾರು 27 ಗ್ರಾಂ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಗಣನೀಯ ಪ್ರಮಾಣ. ಬೆಲ್ಲ, ಜೇನುಗಳೂ ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಅಂಥವರಿಗೆ ಸಿಹಿಯಿಲ್ಲದ ಶುಂಠಿಯ ಕಷಾಯ ಮತ್ತು ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು ಸೂಕ್ತ.

ಪರಿಣಾಮ ಮತ್ತು ವೈಜ್ಞಾನಿಕ ಆಧಾರ

ನೆಗಡಿಯನ್ನು ಅನೇಕ ಬಗೆಯ ವೈರಸ್‌ಗಳು ಉಂಟುಮಾಡುತ್ತವೆ. ಫ್ಲೂ ಎಂಬುದು ಇನ್‌ಫ್ಲುಯೆಂಜ ವೈರಸ್‌ನಿಂದ ಬರುವ ಪ್ರತ್ಯೇಕ ಕಾಯಿಲೆ. ಭಾರತದಲ್ಲಿ ಅದು ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ ಮತ್ತು ಮಳೆಗಾಲದ ಕೊನೆಯ ಭಾಗದಲ್ಲಿ, ಹೀಗೆ ಎರಡು ಸಲ ಹೆಚ್ಚುತ್ತದೆ. ಎರಡೂ ಕಾಯಿಲೆಗಳು ಬಹುತೇಕ ಆರೋಗ್ಯವಂತರಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಪಾಕ ಕುಡಿದ ವಾರಕ್ಕೆ ನೆಗಡಿ ವಾಸಿಯಾಯಿತೆಂದರೆ, ಕುಡಿಯದಿದ್ದರೂ ಅದು ಹೆಚ್ಚುಕಡಿಮೆ ಅಷ್ಟೇ ಕಾಲದಲ್ಲಿ ವಾಸಿಯಾಗುತ್ತಿತ್ತು. ಮನೆಮದ್ದುಗಳ ಕೀರ್ತಿಯಲ್ಲಿ ಈ ಅಂಶಕ್ಕೆ ದೊಡ್ಡ ಪಾಲಿದೆ.

ಪಾಕದ ಘಟಕಗಳಲ್ಲಿ ಕೆಮ್ಮಿನ ಮಟ್ಟಿಗೆ ಉತ್ತಮ ಆಧಾರವಿರುವುದು ಜೇನಿಗೆ. ಮಕ್ಕಳ ಕೆಮ್ಮಿಗೆ ಜೇನಿನ ಬಳಕೆಯ ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ಕಾಕ್ರೇನ್ ವಿಮರ್ಶೆಯು, ಯಾವ ಚಿಕಿತ್ಸೆಯನ್ನೂ ನೀಡದಿರುವುದಕ್ಕಿಂತ ಜೇನು ಬಹುಶಃ ಹೆಚ್ಚು ಉಪಶಮನ ನೀಡುತ್ತದೆ ಎಂದು ತಿಳಿಸಿತು. ಗಾಢವಾದ ಸಿಹಿ ದ್ರವವು ಗಂಟಲಿನ ಒಳಪದರವನ್ನು ಆವರಿಸಿ ಕೆರೆತವನ್ನು ತಗ್ಗಿಸುತ್ತದೆ. ಆಡುಸೋಗೆಯ ವಾಸಿಸಿನ್ ಮತ್ತು ವಾಸಿಸಿನೋನ್ ಎಂಬ ಆಲ್ಕಲಾಯ್ಡುಗಳು ಶ್ವಾಸನಾಳಗಳ ಮೇಲೆ ಪರಿಣಾಮ ಬೀರುವುದನ್ನು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಆದರೆ ಪ್ರಾಣಿಗಳ ಮೇಲೆ ಇಲ್ಲವೆ ಶುದ್ಧಗೊಳಿಸಿದ ಆಲ್ಕಲಾಯ್ಡಿನಿಂದ ದೊರೆತ ಫಲಿತಾಂಶವನ್ನು ಮನೆಯ ಪಾಕದ ಒಂದು ಚಮಚಕ್ಕೆ ಅನ್ವಯಿಸಲು ಬರುವುದಿಲ್ಲ. ಗಿಡದಿಂದ ಗಿಡಕ್ಕೆ, ಋತುವಿನಿಂದ ಋತುವಿಗೆ ಆಲ್ಕಲಾಯ್ಡಿನ ಪ್ರಮಾಣ ಬದಲಾಗುತ್ತದೆ.

ಎಲ್ಡರ್‌ಬೆರಿ ಪಾಕದೊಂದಿಗೆ ಹೋಲಿಕೆ

ಎಲ್ಡರ್‌ಬೆರಿ ಎಂಬುದು ಸಾಂಬುಕಸ್ ನೈಗ್ರ ಎಂಬ ಗಿಡದ ಕಪ್ಪು ಹಣ್ಣು. ಇದರ ಪಾಕವೂ ಬೇಯಿಸಿ, ಸೋಸಿ, ಸಕ್ಕರೆ ಇಲ್ಲವೆ ಜೇನು ಬೆರೆಸಿ ಮಾಡುವಂಥದ್ದೇ. ವಿದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಆಡುಸೋಗೆಯ ಹಸಿ ಎಲೆಗಿಂತ ಒಣಗಿಸಿದ ಎಲ್ಡರ್‌ಬೆರಿ ಸುಲಭವಾಗಿ ಸಿಗುತ್ತದೆ. ಈ ಗಿಡದ ಎಲೆ, ಕಾಂಡ ಮತ್ತು ಹಸಿ ಹಣ್ಣುಗಳಲ್ಲಿ ಸಯನೈಡ್ ಬಿಡುಗಡೆ ಮಾಡುವ ಸಂಯುಕ್ತಗಳಿವೆ. 1983ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಅಲ್ಲಿನ ಕಾಡು ಎಲ್ಡರ್‌ಬೆರಿಯ ಹಸಿ ರಸ ಕುಡಿದವರು ವಾಂತಿಯಿಂದ ಅಸ್ವಸ್ಥರಾಗಿ ಆಸ್ಪತ್ರೆ ಸೇರಿದ್ದು ದಾಖಲಾಗಿದೆ. ಆದ್ದರಿಂದ ಹಣ್ಣನ್ನು ಕಾಂಡದಿಂದ ಬಿಡಿಸಿ ಚೆನ್ನಾಗಿ ಬೇಯಿಸುವುದು ಕಡ್ಡಾಯ. ಅದರ ಪ್ರಯೋಜನದ ಕುರಿತ ಅಧ್ಯಯನಗಳ ಫಲಿತಾಂಶ ಏಕರೂಪವಾಗಿಲ್ಲ. 2020ರಲ್ಲಿ ಪ್ರಕಟವಾದ, ಅಮೆರಿಕದ 87 ಫ್ಲೂ ರೋಗಿಗಳ ಪ್ರಯೋಗದಲ್ಲಿ ಎಲ್ಡರ್‌ಬೆರಿಯಿಂದ ಕಾಯಿಲೆಯ ಅವಧಿ ಕಡಿಮೆಯಾಗಲಿಲ್ಲ.

ಎಚ್ಚರಿಕೆಗಳು

ಗರ್ಭಿಣಿಯರು: ವಾಸಿಸಿನ್‌ಗೆ ಗರ್ಭಕೋಶವನ್ನು ಸಂಕುಚಿಸುವ ಗುಣವಿದೆ. ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯವು 1970ರ ದಶಕದಿಂದ ನಡೆಸಿದ ಸಂಶೋಧನೆಗಳಲ್ಲಿ ಇದನ್ನು ಗರ್ಭಪಾತ ಉಂಟುಮಾಡಬಲ್ಲ ವಸ್ತುವೆಂದೇ ಪರಿಶೀಲಿಸಲಾಯಿತು. ಆದ್ದರಿಂದ ಗರ್ಭಧಾರಣೆಯ ಯಾವ ತಿಂಗಳಲ್ಲಿಯೂ ಆಡುಸೋಗೆಯ ರಸ, ಕಷಾಯ, ಪಾಕಗಳನ್ನು ಸೇವಿಸಬಾರದು. ಮನೆಮಂದಿಗೆಲ್ಲ ಒಂದೇ ಸೀಸೆಯಿಂದ ಪಾಕ ಹಂಚುವ ರೂಢಿ ಇರುವಲ್ಲಿ ಈ ಎಚ್ಚರಿಕೆ ವಿಶೇಷವಾಗಿ ಅಗತ್ಯ.

ಶಿಶುಗಳು: ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯದ ಬೀಜಕಗಳು ಇರಬಹುದು. ದೊಡ್ಡವರಿಗೆ ಅದರಿಂದ ತೊಂದರೆಯಿಲ್ಲ. ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಅವು ಮೊಳೆತು ವಿಷ ಉತ್ಪಾದಿಸಿ, ಸ್ನಾಯುಗಳನ್ನು ನಿಶ್ಶಕ್ತಗೊಳಿಸುತ್ತವೆ. ಮಲಬದ್ಧತೆ, ಹಾಲು ಚೀಪಲಾಗದಿರುವುದು, ಕ್ಷೀಣವಾದ ಅಳು ಇದರ ಲಕ್ಷಣಗಳು. ಮನೆಯಲ್ಲಿ ಕಾಯಿಸಿದ ಮಾತ್ರಕ್ಕೆ ಈ ಬೀಜಕಗಳು ಸಾಯುವುದಿಲ್ಲ. ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವ ಸಂಪ್ರದಾಯವನ್ನೂ ವೈದ್ಯರು ಇದೇ ಕಾರಣಕ್ಕೆ ವಿರೋಧಿಸುತ್ತಾರೆ.

ಅಂಗಡಿಯ ಸಿರಪ್‌ಗಳು: 2022ರಲ್ಲಿ ಗ್ಯಾಂಬಿಯದಲ್ಲಿ ಹಾಗೂ 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕಲುಷಿತ ಸಿರಪ್ ಸೇವಿಸಿದ ಮಕ್ಕಳು ಮೃತಪಟ್ಟರು. ಆ ಸಿರಪ್‌ಗಳಲ್ಲಿ ಮೂತ್ರಪಿಂಡಕ್ಕೆ ಮಾರಕವಾದ ಡೈಎಥಿಲೀನ್ ಗ್ಲೈಕಾಲ್ ಪತ್ತೆಯಾಗಿತ್ತು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಗಳನ್ನು ಬರೆಯಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಅವು ಸೂಕ್ತವಲ್ಲ ಎಂದು ಸಲಹೆ ನೀಡಿತು. ಇಂತಹ ಘಟನೆಗಳು ಮನೆಮದ್ದಿನತ್ತ ಒಲವು ಹೆಚ್ಚಿಸುವುದು ಸಹಜ. ಆದರೆ ಆ ಸಲಹೆಯ ತಿರುಳು ಮನೆಮದ್ದಿಗೂ ಅನ್ವಯಿಸುತ್ತದೆ: ಚಿಕ್ಕ ಮಕ್ಕಳ ಹೆಚ್ಚಿನ ಕೆಮ್ಮುಗಳು ಔಷಧವಿಲ್ಲದೆ, ಸಾಕಷ್ಟು ದ್ರವಾಹಾರ ಮತ್ತು ವಿಶ್ರಾಂತಿಯಿಂದಲೇ ವಾಸಿಯಾಗುತ್ತವೆ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಕೆಮ್ಮು ಎರಡು ವಾರ ಇಲ್ಲವೆ ಅದಕ್ಕಿಂತ ಹೆಚ್ಚು ಕಾಲ ಉಳಿದರೆ ಕ್ಷಯದ ಪರೀಕ್ಷೆ ಮಾಡಿಸಬೇಕು. ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು ಹಾಗೂ ಕಫದಲ್ಲಿ ರಕ್ತ ಕಾಣಿಸುವುದು ಕ್ಷಯದ ಇತರ ಲಕ್ಷಣಗಳು. ಕಫದಲ್ಲಿ ರಕ್ತ ಕಂಡಾಗ ಆಡುಸೋಗೆ ಕೊಡುವುದು ಹಳೆಯ ಪದ್ಧತಿ. ರೋಗನಿರ್ಣಯದ ಸೌಲಭ್ಯವಿಲ್ಲದ ಕಾಲದ ಆ ಪದ್ಧತಿಯನ್ನು ಇಂದು ಅನುಸರಿಸಿದರೆ ಅಮೂಲ್ಯ ವಾರಗಳು ಕಳೆದುಹೋಗುತ್ತವೆ. ರೋಗ ಮನೆಯ ಇತರರಿಗೂ ಹರಡುತ್ತದೆ. ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಡಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕಫದ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ. ಸಾಮಾನ್ಯ ಕ್ಷಯವು ಆರು ತಿಂಗಳ ಚಿಕಿತ್ಸೆಯಿಂದ ಗುಣವಾಗುತ್ತದೆ.

ಮಕ್ಕಳಲ್ಲಿ ಉಸಿರಾಟದ ವೇಗ ನ್ಯುಮೋನಿಯದ ಮುಖ್ಯ ಸೂಚನೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಮಗು ಶಾಂತವಾಗಿರುವಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಶಿಶುವಿಗೆ 60, ಎರಡರಿಂದ 12 ತಿಂಗಳೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರುಗಳಿದ್ದರೆ ಅದು ವೇಗದ ಉಸಿರಾಟ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಸೇದುವುದು, ಹಾಲು ಕುಡಿಯದಿರುವುದು, ಮಂಪರು, ತುಟಿ ನೀಲಿಗಟ್ಟುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ವೃದ್ಧರು, ಗರ್ಭಿಣಿಯರು, ಉಬ್ಬಸ, ಹೃದ್ರೋಗ ಹಾಗೂ ಸಕ್ಕರೆ ಕಾಯಿಲೆ ಇರುವವರಲ್ಲಿ ಫ್ಲೂ ಉಲ್ಬಣಿಸುವ ಸಾಧ್ಯತೆ ಹೆಚ್ಚು. ಫ್ಲೂಗೆ ನೀಡುವ ಒಸೆಲ್ಟಾಮಿವಿರ್ ಔಷಧವು ಲಕ್ಷಣ ಕಾಣಿಸಿದ 48 ಗಂಟೆಗಳೊಳಗೆ ಆರಂಭಿಸಿದಾಗ ಹೆಚ್ಚು ಪರಿಣಾಮಕಾರಿ. ಆದ್ದರಿಂದ ಇಂಥವರು ಮೊದಲೆರಡು ದಿನಗಳನ್ನು ಪಾಕದ ಪ್ರಯೋಗದಲ್ಲಿ ಕಳೆಯಬಾರದು. ಫ್ಲೂ ತಡೆಯಲು ಪ್ರತಿವರ್ಷ ಹಾಕಿಸಿಕೊಳ್ಳುವ ಲಸಿಕೆ ಲಭ್ಯವಿದೆ. ಕರ್ನಾಟಕದಲ್ಲಿ ಆರೋಗ್ಯ ಸಲಹೆಗೆ 104, ಆಂಬ್ಯುಲೆನ್ಸಿಗೆ 108 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.